ಬಳಪದ ಬರಹ, ಕಂಟದ ಬರಹ

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎದುರುಬದುರಿನ ಅಂಗಡಿಯವರು ಕೂತಲ್ಲಿಂದ ಏಳದೆಯೇ ಒಬ್ಬರಿಗೊಬ್ಬರು ಚಿಲ್ಲರೆ ಕೊಡಬಹುದು. ಓಣಿ ಅಷ್ಟು ಕಿರಿದು. ವೈರಿನ ಸುರುಳಿಗಳು, ಮಾಲೆ ಕಟ್ಟಿ ತೂಗುಹಾಕಿದ ರಿಮೋಟುಗಳು, ಸಣ್ಣ ಸಣ್ಣ ಖಾನೆಗಳಲ್ಲಿ ಕೆಪಾಸಿಟರು, ಎಲ್‌ಇಡಿ, ಸ್ವಿಚ್ಚು. ಒಂದು ಶನಿವಾರ ಸಂಜೆ ನಾನು ಅಲ್ಲಿಗೆ ಹೋದದ್ದು ಅಣ್ಣನ ಮಗಳ ಬೆನ್ನು ಹತ್ತಿ. ಬೀದರಿನಿಂದ ಬಂದು ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ ಅವಳು. ಕಾಚಿಗೂಡದ ನಮ್ಮ ಮನೆಯಲ್ಲೇ ಇರುತ್ತಾಳೆ. ಅವಳ ಕೈಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಬ್ಬೆರಳಿನ ಗಾತ್ರದ ನೀಲಿ ಹಲಗೆ, ಆರ್ಡುಯಿನೊ ನ್ಯಾನೊ. ಡಬ್ಬಿ ನೋಡಿದ್ದೇ ಅಂಗಡಿಯವ ಕೇಳಿದ: "ಕ್ಯಾ ಅಮ್ಮಾ, ಡಂಪ್ ನೈ ಹೋರಾ ಕ್ಯಾ?"

ರೋಗಿ ಬಾಯಿ ತೆರೆಯುವ ಮೊದಲೇ ರೋಗ ಹೇಳುವ ವೈದ್ಯನ ಹಾಗೆ.

ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮನ್ನು ಇಂಥ ಪುಟ್ಟ ಬೋರ್ಡಿಗೆ ಸೇರಿಸುವ ಕೆಲಸಕ್ಕೆ ಈ ಊರು ಇಟ್ಟ ಹೆಸರು ಡಂಪ್. ಅಮೀರ್‌ಪೇಟೆಯ ಕೋಚಿಂಗ್ ಕೇಂದ್ರದಲ್ಲೂ ಡಂಪ್, ಕಾಲೇಜಿನ ಪ್ರಾಜೆಕ್ಟ್ ವರದಿಯಲ್ಲೂ ಡಂಪ್. ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ 'ಕೋಡ್ ಡಂಪ್ ಮಾಡು' ಎಂದೇ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಲಾರಿಯಿಂದ ಮರಳು ಸುರಿದ ಹಾಗೆ. ಸ್ವಲ್ಪ ಹಳಬರು 'ಬರ್ನ್' ಅನ್ನುತ್ತಾರೆ, ಅಂದರೆ ಸುಡುವುದು. ಮೊಬೈಲ್ ರಿಪೇರಿಯವರದು 'ಫ್ಲ್ಯಾಶ್'. ಆರ್ಡುಯಿನೊದ ಪರದೆ ಮೇಲಿರುವ ಗುಂಡಿ 'ಅಪ್‌ಲೋಡ್' ಅನ್ನುತ್ತದೆ, ಏರಿಸುವುದು. ಹಳೆಯ ಕೈಪಿಡಿಗಳನ್ನು ತೆರೆದರೆ ಇದೇ ಕೆಲಸಕ್ಕೆ 'ಡೌನ್‌ಲೋಡ್', ಇಳಿಸುವುದು. ದೊಡ್ಡ ಯಂತ್ರದಿಂದ ಸಣ್ಣದಕ್ಕೆ ಹೋಗುವಾಗ ಪ್ರೋಗ್ರಾಂ ಮೆಟ್ಟಿಲು ಹತ್ತುತ್ತದೋ ಇಳಿಯುತ್ತದೋ ಎಂಬುದರಲ್ಲೇ ಒಮ್ಮತವಿಲ್ಲ. ಸುರಿಯುವುದು, ಸುಡುವುದು, ಮಿಂಚಿಸುವುದು, ಏರಿಸುವುದು, ಇಳಿಸುವುದು: ಒಂದು ಕೆಲಸಕ್ಕೆ ಇಷ್ಟು ಕ್ರಿಯಾಪದಗಳು ಸುಮ್ಮನೆ ಹುಟ್ಟಿದವಲ್ಲ. ಒಂದೊಂದರ ಹಿಂದೆ ಒಂದೊಂದು ಕಾಲದ ಚಿಪ್ ಇದೆ.

ಅವಳು ಮಾಡಹೊರಟದ್ದು ದೊಡ್ಡ ಯಂತ್ರವೇನಲ್ಲ. ನಮ್ಮ ಕಟ್ಟಡದ ಸಂಪಿಗೆ ನಳದ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ. ಸಂಪು ತುಂಬಿದ್ದು ಯಾರಿಗೂ ಗೊತ್ತಾಗದೆ ನೀರು ಓಣಿಗೆ ಹರಿಯುತ್ತದೆ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾಗುತ್ತದೆ. ಮುಚ್ಚಳದ ಕೆಳಗೊಂದು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿ, ನೀರು ಒಂದು ಮಟ್ಟ ಮುಟ್ಟಿದೊಡನೆ ಬಜರ್ ಕೂಗುವಂತೆ ಮಾಡುವುದು ಅವಳ ಯೋಜನೆ. ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ತಯಾರಿತ್ತು. ಬೋರ್ಡಿಗೆ ಮಾತ್ರ ಹೋಗುತ್ತಿರಲಿಲ್ಲ. "ಕಾಕಾ, ಪೋರ್ಟೇ ಕಾಣವಲ್ದು" ಎಂದು ಎರಡು ದಿನ ಗೊಣಗಿದ್ದಳು.

ಅಂಗಡಿಯವ ಬೋರ್ಡನ್ನು ಮುಟ್ಟಲೂ ಇಲ್ಲ. ಅವಳ ಚೀಲದಿಂದ ಇಣುಕುತ್ತಿದ್ದ ಕೇಬಲ್ ಎಳೆದು ಎರಡು ಬೆರಳಲ್ಲಿ ಹಿಸುಕಿ ನೋಡಿದ. "ಏ ಚಾರ್ಜಿಂಗ್ ಕಾ ಹೈ. ಡೇಟಾ ಕಾ ಹೋನಾ." ಹಳೆಯ ಸ್ಪೀಕರೊಂದರ ಜತೆ ಬಂದ ಮಿನಿ ಯುಎಸ್‌ಬಿ ಕೇಬಲ್ ಅದು. ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿ ಇರಬೇಕು: ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ದುಡ್ಡು ಉಳಿಸಲು ಮಾತಿನ ತಂತಿ ಎರಡನ್ನೂ ಬಿಟ್ಟು ಮಾಡಿದ ಕೇಬಲ್‌ಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಚುಚ್ಚಿದೊಡನೆ ಬೋರ್ಡಿನ ದೀಪ ಹತ್ತುತ್ತದೆ. ದೀಪ ಹತ್ತಿತೆಂದರೆ ಎಲ್ಲ ಸರಿಯಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಊಟ ಹಾಕುತ್ತಾರೆ, ಮಾತಾಡಿಸುವುದಿಲ್ಲ: ಕೆಲವು ನೆಂಟರ ಮನೆಯ ಹಾಗೆ.

ಹೊಸ ಕೇಬಲ್ ಬಂತು. ಮನೆಯಲ್ಲಿ ಚುಚ್ಚಿದರೆ ಪೋರ್ಟ್ ಕಾಣಿಸಿಕೊಂಡಿತು. ಅಪ್‌ಲೋಡ್ ಒತ್ತಿದಳು. ಪರದೆಯ ಕೆಳಗೆ ಕೆಂಪು ಅಕ್ಷರಗಳ ಸಾಲು, 'ನಾಟ್ ಇನ್ ಸಿಂಕ್'. ಹತ್ತು ಸಲ ಪ್ರಯತ್ನ, ಹತ್ತೂ ಸಲ ಅದೇ ಉತ್ತರ.

ಈ ಕೆಂಪು ಸಾಲನ್ನು ಕಾಣದೆ ಈ ವಿದ್ಯೆ ಕಲಿತವರು ಇರಲಾರರು. ಆದರೆ ಅದರ ಅರ್ಥ ಕೇಳಿದರೆ ಬಹಳಷ್ಟು ಜನ ಕೇಬಲ್ ಕಿತ್ತು ಮತ್ತೆ ಚುಚ್ಚಿ ತೋರಿಸುತ್ತಾರೆ, ಅಷ್ಟೇ. ನಡೆಯುವುದು ಇಷ್ಟು. ಬೋರ್ಡಿನ ಚಿಪ್ ಎಟಿಮೆಗಾ328ಪಿ. ಅದರಲ್ಲಿ ಪ್ರೋಗ್ರಾಮಿಗೆಂದು 32 ಕಿಲೋಬೈಟ್ ಜಾಗ. ನ್ಯಾನೊದಲ್ಲಿ ಅದರ 2 ಕಿಲೋಬೈಟನ್ನು ಮೊದಲೇ ಒಬ್ಬ ಹಿಡಿದುಕೊಂಡು ಕೂತಿರುತ್ತಾನೆ. ಅವನೇ ಬೂಟ್‌ಲೋಡರ್. ಹಳೆಯ ವಾಡೆಗಳ ಹೆಬ್ಬಾಗಿಲ ಪಕ್ಕದ ಕಟ್ಟೆಯಲ್ಲಿ ಕಾವಲಿನವನು ಕೂರುತ್ತಿದ್ದನಲ್ಲ, ಆ ಥರ. ಬೋರ್ಡು ರೀಸೆಟ್ ಆದಾಗಲೆಲ್ಲ ಮೊದಲು ಎಚ್ಚರಾಗುವವನು ಇವನು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಹೊರಗಿನಿಂದ ಹೊಸ ಪ್ರೋಗ್ರಾಂ ತಂದವರು ಯಾರಾದರೂ ಕೂಗಿದರೇ ಎಂದು ನೋಡುತ್ತಾನೆ. ಯಾರೂ ಕೂಗದಿದ್ದರೆ ಒಳಗಿರುವ ಹಳೆಯ ಪ್ರೋಗ್ರಾಮನ್ನು ಎಬ್ಬಿಸಿ ತಾನು ಮಲಗುತ್ತಾನೆ. ಹೊರಗಿನಿಂದ ಕೂಗುವವನ ಹೆಸರು ಎವಿಆರ್‌ಡ್ಯೂಡ್. ಕಂಪ್ಯೂಟರಿನಲ್ಲಿ ಅಪ್‌ಲೋಡ್ ಗುಂಡಿಯ ಹಿಂದೆ ಕೂತ ಪುಟ್ಟ ತಂತ್ರಾಂಶ ಅದು. ಅದು ಎರಡು ಬೈಟ್ ಕಳಿಸುತ್ತದೆ: 'ಇದ್ದೀಯಾ?' ಬೂಟ್‌ಲೋಡರ್ ಎರಡು ಬೈಟ್ ಮರಳಿಸಬೇಕು: 'ಇದ್ದೀನಿ.' ಈ ಓಗೊಡುವಿಕೆ ಆಗಲಿಲ್ಲವೆಂದರೆ ನಾಟ್ ಇನ್ ಸಿಂಕ್.

ನಮ್ಮ ಬೋರ್ಡಿನ ಕಾವಲಿನವನು ಇದ್ದ. ಕಿವಿಯೂ ಸರಿಯಿತ್ತು. ಆದರೆ ಅವನು ಹಳೆಯ ಕಾಲದವನು. ನ್ಯಾನೊ ಬೋರ್ಡುಗಳಲ್ಲಿ ಹಳೆಯ ಬೂಟ್‌ಲೋಡರ್ ಮಾತಾಡುವುದು ಸೆಕೆಂಡಿಗೆ 57,600 ಬಿಟ್ ವೇಗದಲ್ಲಿ, ಹೊಸತು 1,15,200ರಲ್ಲಿ. ಸರಿಯಾಗಿ ಇಮ್ಮಡಿ. ಕೋಠಿಯಲ್ಲಿ ಸಿಗುವ ಅಗ್ಗದ ನಕಲಿ ಬೋರ್ಡುಗಳಲ್ಲಿ ಬಹುಪಾಲು ಹಳೆಯವನೇ ಕೂತಿರುತ್ತಾನೆ. ಕಂಪ್ಯೂಟರು ಹೊಸ ವೇಗದಲ್ಲಿ ಕೂಗಿದರೆ ಅವನಿಗೆ ಅದು ಮಾತೇ ಅಲ್ಲ, ಗದ್ದಲ. ಮೆನುವಿನಲ್ಲಿ 'ಓಲ್ಡ್ ಬೂಟ್‌ಲೋಡರ್' ಎಂಬ ಸಾಲನ್ನು ಆರಿಸಿದೊಡನೆ ಎರಡು ದಿನದ ಸಂಕಟ ಮುಗಿಯಿತು. ಬೋರ್ಡಿನ ಎರಡು ಪುಟ್ಟ ದೀಪಗಳು ಪಟಪಟ ಮಿನುಗಿದವು. "ಹೋತು ಕಾಕಾ!" ಎಂದು ಕಿರುಚಿದಳು. ಹೋಯಿತು ಅನ್ನುವುದಕ್ಕೆ ನಮ್ಮ ಕಡೆ ಕೆಟ್ಟುಹೋಯಿತು ಅಂತಲೂ ಅರ್ಥವಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಗಾಬರಿಯಾಗಿ ಓಡಿ ಬಂದಳು.

ಅಷ್ಟಕ್ಕೂ ಹೋದದ್ದು ಏನು?

ಅವಳು ಬರೆದದ್ದಂತೂ ಅಲ್ಲ. ಅವಳ ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ಕನ್ನಡದ ಟಿಪ್ಪಣಿಗಳಿದ್ದವು. 'ಇಲ್ಲಿ ಮುಚ್ಚಳದಿಂದ ನೀರಿನ ತನಕ ಎಷ್ಟು ಸೆಂಟಿಮೀಟರ್ ನೋಡು', 'ಕಾಕೂ ಬೈದರೆ ಸದ್ದು ಕಮ್ಮಿ ಮಾಡು'. ಕಂಪೈಲರ್ ಮೊದಲು ಮಾಡುವ ಕೆಲಸವೇ ಇಂಥ ಟಿಪ್ಪಣಿಗಳನ್ನೆಲ್ಲ ಕಿತ್ತೆಸೆಯುವುದು. ಆಮೇಲೆ ಅವಳು ಪ್ರೀತಿಯಿಂದ ಇಟ್ಟ ಹೆಸರುಗಳೂ ಅಳಿಯುತ್ತವೆ. 'ನೀರಿನಮಟ್ಟ' ಎಂದು ಅವಳು ಕರೆದದ್ದು ಮೆಮೊರಿಯ ಒಂದು ಮನೆಸಂಖ್ಯೆಯಾಗುತ್ತದೆ, ಅಷ್ಟೆ. ಕೊನೆಗೆ ಉಳಿಯುವುದು ಹೆಕ್ಸ್ ಕಡತ. ಇಂಟೆಲ್ ಕಂಪನಿ 1970ರ ದಶಕದಲ್ಲಿ ರೂಢಿಗೆ ತಂದ ಬರಹಕ್ರಮ ಅದು. ಐವತ್ತು ವರ್ಷವಾದರೂ ಅದಕ್ಕೆ ಮುಪ್ಪು ಬಂದಿಲ್ಲ. ಪ್ರತಿ ಸಾಲೂ ಒಂದು ಕೋಲನ್‌ನಿಂದ ಶುರು. ಈ ಸಾಲಿನಲ್ಲಿ ಎಷ್ಟು ಬೈಟಿದೆ, ಯಾವ ವಿಳಾಸಕ್ಕೆ ಹೋಗಬೇಕು, ಎಂಥ ಸಾಲು, ಆಮೇಲೆ ಸರಕು, ತುದಿಯಲ್ಲಿ ತಾಳೆ ನೋಡುವ ಒಂದು ಸಂಖ್ಯೆ. ಸಾಲಿನ ಎಲ್ಲ ಬೈಟುಗಳನ್ನೂ ಈ ಸಂಖ್ಯೆಯನ್ನೂ ಕೂಡಿದರೆ ಕೊನೆಯ ಎಂಟು ಬಿಟ್ ಸೊನ್ನೆಯಾಗಬೇಕು. ಲೋಕದ ಯಾವ ಹೆಕ್ಸ್ ಕಡತ ತೆಗೆದರೂ ಕಡೆಯ ಸಾಲು ಒಂದೇ: ಕೋಲನ್, ಏಳು ಸೊನ್ನೆ, ಒಂದು 1, ಕೊನೆಗೆ ಎಫ್‌ಎಫ್. ಎಫ್‌ಎಫ್ ಅಂದರೆ 255. 255ಕ್ಕೆ 1 ಕೂಡಿದರೆ 256, ಎಂಟು ಬಿಟ್‌ನ ಲೆಕ್ಕದಲ್ಲಿ ಸೊನ್ನೆ. ಶ್ಯಾನುಭೋಗರ ಜಮಾಖರ್ಚಿನ ಹಾಗೆ ತಾಳೆಯಾಗಿಯೇ ಮುಗಿಯುತ್ತದೆ.

ಫೈಲ್ ಎಂಬುದಕ್ಕೆ ನಾವು ಕಡತ ಅನ್ನುತ್ತೇವೆ. ಸರ್ಕಾರಿ ಕಚೇರಿಯ ಕಡತ, ಕಂಪ್ಯೂಟರಿನ ಕಡತ. ಮೂಲದ ಕಡತ ಬೇರೆಯೇ ವಸ್ತು. ಹುಣಸೆಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪುಸ್ತಕ. ಬಳಪದಲ್ಲಿ ಅದರ ಮೇಲೆ ಬರೆಯುತ್ತಿದ್ದರು, ವ್ಯಾಪಾರಿಗಳು ಲೆಕ್ಕ, ಮಠಗಳು ದಾಖಲೆ. ಬೇಡವಾದದ್ದನ್ನು ಒರೆಸಿ, ಮತ್ತೆ ಕಪ್ಪು ಬಳಿದು ಹೊಸತಾಗಿ ಬರೆಯಬಹುದಿತ್ತು. ತಾಳೆಗರಿ ಹಾಗಲ್ಲ. ಅದರ ಮೇಲೆ ಕಂಟದಿಂದ ಕೊರೆಯಬೇಕು. ಕೊರೆದದ್ದು ಕೊರೆದದ್ದೇ. ತಪ್ಪಾದರೆ ಹೊಸ ಗರಿ. ಕಲ್ಲಿನ ಶಾಸನದ ಮಾತಂತೂ ಬೇಡ. ಕಲ್ಕುಟಿಗನ ಹತ್ತಿರ ಹೋಗುವ ಮೊದಲೇ ಪಾಠ ನಿಶ್ಚಯವಾಗಿರಬೇಕು.

ಚಿಪ್ಪುಗಳ ವಂಶಾವಳಿಯೂ ಇದೇ. ಮಾಸ್ಕ್ ರೋಮ್‌ಗಳು ಶಿಲಾಶಾಸನಗಳು: ಪ್ರೋಗ್ರಾಮನ್ನು ಕಾರ್ಖಾನೆಯವನಿಗೆ ಕೊಟ್ಟರೆ ಅವನು ಚಿಪ್ ಎರಕವಾಗುವಾಗಲೇ ಅದರಲ್ಲಿ ಮೂಡಿಸುತ್ತಿದ್ದ. 1956ರಲ್ಲಿ ವೆನ್ ತ್ಸಿಂಗ್ ಚೌ ಎಂಬ ಇಂಜಿನಿಯರ್ ಅಮೆರಿಕದ ಅಟ್ಲಾಸ್ ಕ್ಷಿಪಣಿಯ ಕಂಪ್ಯೂಟರಿಗಾಗಿ ಬೇರೊಂದು ದಾರಿ ಹುಡುಕಿದ. ಹೆಚ್ಚು ವಿದ್ಯುತ್ ಹಾಯಿಸಿ ಒಳಗಿನ ಸಣ್ಣ ಕೊಂಡಿಗಳನ್ನು ನಿಜವಾಗಿಯೂ ಸುಟ್ಟು ಬರೆಯುವ ಮೆಮೊರಿ. 'ಬರ್ನ್' ಎಂಬ ಮಾತು ಹುಟ್ಟಿದ್ದು ಅಲ್ಲಿ. ಇದು ತಾಳೆಗರಿ, ಒಂದೇ ಸಲ. ಅಳಿಸಿ ಬರೆಯುವ ಇಪಿರೋಮ್ ಬಂದದ್ದು 1971ರಲ್ಲಿ, ಇಂಟೆಲ್‌ನ ಡೋವ್ ಫ್ರೋಮನ್‌ನಿಂದ. ಆ ಚಿಪ್ಪಿನ ಬೆನ್ನ ಮೇಲೆ ಪುಟ್ಟದೊಂದು ಗಾಜಿನ ಕಿಟಕಿ. ಕಿಟಕಿಯ ಮೂಲಕ ನೇರಳಾತೀತ ಬೆಳಕು ಬಿಟ್ಟು ಹದಿನೈದಿಪ್ಪತ್ತು ನಿಮಿಷ ಕಾದರೆ ಬರೆದದ್ದೆಲ್ಲ ಮಾಯ. ಬೇಡದ ಬೆಳಕು ಬೀಳದಿರಲಿ ಎಂದು ಕಿಟಕಿಗೆ ಸ್ಟಿಕರ್ ಅಂಟಿಸುತ್ತಿದ್ದರು. ಆಮೇಲೆ ತೊಷಿಬಾದ ಫುಜಿಯೊ ಮಸುವೊಕ. ಇಡೀ ಹಾಳೆಯನ್ನು ವಿದ್ಯುತ್ತಿನಿಂದಲೇ ಒಂದೇಟಿಗೆ ಅಳಿಸುವ ಅವರ ವಿಧಾನ 1984ರಲ್ಲಿ ಲೋಕಕ್ಕೆ ಗೊತ್ತಾಯಿತು. ಕ್ಯಾಮೆರಾದ ಫ್ಲ್ಯಾಶ್ ಹೊಡೆದ ಹಾಗೆ ಅಳಿಯುತ್ತದಲ್ಲ ಎಂದು ಅವರ ಸಹೋದ್ಯೋಗಿಯೊಬ್ಬರು ಹೆಸರಿಟ್ಟರು. ಕೊನೆಗೂ ಕಡತ ಬಂತು. ಅಳಿಸಿದ ಫ್ಲ್ಯಾಶ್ ಅಂದರೆ ಎಲ್ಲವೂ ಒಂದು. ಬರೆಯುವುದೆಂದರೆ ಬೇಕಾದ ಕಡೆ ಒಂದನ್ನು ಸೊನ್ನೆ ಮಾಡುವುದು. ಬಳಿದ ಕಪ್ಪಿನ ಮೇಲೆ ಬಳಪ ಎಳೆದ ಹಾಗೆ. ಬಟ್ಟೆಯ ಹಾಗೆಯೇ ಅದೂ ಸವೆಯುತ್ತದೆ. ನಮ್ಮ ನ್ಯಾನೊದ ಚಿಪ್ಪಿಗೆ ಅದರ ತಯಾರಕರು ಕೊಟ್ಟ ಭರವಸೆ 10,000 ಸಲದ್ದು.

ನನ್ನ ಪೀಳಿಗೆ ಕಲಿತದ್ದು ಇವ್ಯಾವುದರ ಮೇಲೂ ಅಲ್ಲ, ಮರಳಿನ ಮೇಲೆ. ಕಾಲೇಜಿನ ಪ್ರಯೋಗಾಲಯದಲ್ಲಿ ಬೆಂಗಳೂರಿನ ಇಎಸ್‌ಎ ಕಂಪನಿಯ 8085 ಕಿಟ್‌ಗಳಿದ್ದವು. ಕ್ಯಾಲ್ಕ್ಯುಲೇಟರಿನಂಥ ಗುಂಡಿಗಳು, ಕೆಂಪಗೆ ಹೊಳೆಯುವ ಆರು ಅಂಕಿ. ನಡುವೆ ಕಂಪ್ಯೂಟರೂ ಇಲ್ಲ, ಕೇಬಲ್ಲೂ ಇಲ್ಲ. ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದು, ಪಟ್ಟಿ ನೋಡಿ ಅಂಕಿಗೆ ಇಳಿಸಿ, ಬೆರಳಿನಿಂದ ಒತ್ತಬೇಕು. 3ಇ, 05, 06, 03, 80... ಕೊನೆಗೆ 76, ಅಂದರೆ ನಿಲ್ಲು. ಐದಕ್ಕೆ ಮೂರು ಕೂಡಿಸಲು ಕಾಲು ಗಂಟೆ. ಕಂಪೈಲರೂ ನಾವೇ, ಕೇಬಲ್ಲೂ ನಾವೇ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗಿಯಿತು, ರಾಮ್‌ನಲ್ಲಿದ್ದದ್ದೆಲ್ಲ ಅಳಿಸಿ ಮತ್ತೆ ಮೊದಲಿನಿಂದ. ಮರಳಿನ ಮೇಲೆ ಅ ಆ ತಿದ್ದಿಸುತ್ತಿದ್ದ ಅಜ್ಜಿಯನ್ನು ನೆನೆದುಕೊಳ್ಳುತ್ತಿದ್ದೆವು. ಅಣ್ಣನ ಮಗಳಿಗೆ ಇದನ್ನು ಹೇಳಿದರೆ, ನಾವು ಬೀಸುಕಲ್ಲಿನ ಹಾಡು ಕೇಳಿದಷ್ಟು ಗೌರವದಿಂದ ಕೇಳುತ್ತಾಳೆ. ನಂಬುತ್ತಾಳೋ ಇಲ್ಲವೋ ತಿಳಿಯದು.

ಈಗಿನವರ ದಾರಿ ಸಲೀಸು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ್ದೇ ಇಂಜಿನಿಯರುಗಳಲ್ಲದವರಿಗಾಗಿ. ಹೆಸರು ಬಂದದ್ದು ಅದರ ಕರ್ತೃಗಳು ಕೂತು ಹರಟುತ್ತಿದ್ದ ಬಾರಿನಿಂದ. ಬಾರಿನ ಹೆಸರು ಸಾವಿರ ವರ್ಷದ ಹಿಂದಿನ ಅಲ್ಲಿಯ ರಾಜನದು. ವಿನ್ಯಾಸ ಎಲ್ಲರಿಗೂ ತೆರೆದದ್ದಾದ್ದರಿಂದ ಯಾರು ಬೇಕಾದರೂ ಬೋರ್ಡು ಮಾಡಬಹುದು, ಮಾಡುತ್ತಾರೆ. ಕೋಠಿಯಲ್ಲಿ ಸಿಗುವವು ಹೆಚ್ಚಾಗಿ ಅಂಥವೇ. ಅವುಗಳ ಯುಎಸ್‌ಬಿ ಕೊಂಡಿಯ ಹಿಂದೆ ಕೂತಿರುವುದು ಸಿಎಚ್340 ಎಂಬ ಚೀನಾದ ಚಿಪ್. ಅದು ತನ್ನ ಹೆಸರಿನಲ್ಲೇ ಬರುವ ಚಿಪ್, ತಕರಾರಿಲ್ಲ. ಬೇರೆಯವರ ಹೆಸರು ಹಚ್ಚಿಕೊಂಡು ಬಂದವುಗಳ ಗತಿ ಮಾತ್ರ 2014ರ ಅಕ್ಟೋಬರಿನಲ್ಲಿ ಕೆಟ್ಟಿತು. ಇದೇ ಕೊಂಡಿಯ ಕೆಲಸ ಮಾಡುವ ಚಿಪ್ಪುಗಳ ಸ್ಕಾಟ್ಲೆಂಡಿನ ಕಂಪನಿ ಎಫ್‌ಟಿಡಿಐ. ಅದರ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಮನೆಮನೆಗೆ ಬಂದು, ತನ್ನ ಹೆಸರಿನ ನಕಲಿ ಚಿಪ್ ಕಂಡಲ್ಲೆಲ್ಲ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ಬೋರ್ಡು ಇದ್ದಲ್ಲೇ ಸತ್ತ ಹಾಗೆ. ನಕಲು ಎಂದು ಗೊತ್ತಿಲ್ಲದೆ ಕೊಂಡವನ ತಪ್ಪೇನು ಎಂದು ಜನ ಗಲಾಟೆ ಎಬ್ಬಿಸಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈಗ ಲ್ಯಾಪ್‌ಟಾಪೂ ಬೇಕೆಂದಿಲ್ಲ. ಒಂದು ಒಟಿಜಿ ಕೇಬಲ್ಲಿದ್ದರೆ ಫೋನಿನಿಂದಲೇ ಬೋರ್ಡಿಗೆ ಪ್ರೋಗ್ರಾಂ ಕಳಿಸಬಹುದು. ಹಳ್ಳಿಯ ಹುಡುಗರಿಗೆ ಬೋರ್ಡಿಗಿಂತ ದೊಡ್ಡ ವರ ಅದು ಎಂದು ನನಗನ್ನಿಸುತ್ತದೆ.

ಪ್ರೋಗ್ರಾಂ ಹೋಗುವಾಗ ಪರದೆಯ ಮೇಲೆ ಎರಡು ಪಟ್ಟಿ ಓಡುತ್ತವೆ. ಮೊದಲನೆಯದು ಬರೆಯುವುದು. 128 ಬೈಟಿನ ಒಂದೊಂದು ಪುಟದಂತೆ ಫ್ಲ್ಯಾಶಿಗೆ ಇಳಿಯುತ್ತದೆ. ಎರಡನೆಯದನ್ನು ಯಾರೂ ನೋಡುವುದಿಲ್ಲ, ಅಷ್ಟರಲ್ಲಿ ಕೈ ಕೇಬಲ್ಲಿನ ಕಡೆ ಹೋಗಿರುತ್ತದೆ. ಅದು ತಾಳೆ ನೋಡುವುದು. ಈಗಷ್ಟೇ ಬರೆದದ್ದನ್ನೆಲ್ಲ ಬೋರ್ಡಿನಿಂದ ಮತ್ತೆ ಓದಿಸಿ, ಕಂಪ್ಯೂಟರು ತನ್ನ ಬಳಿಯ ಮೂಲದ ಜತೆ ಬೈಟಿಗೆ ಬೈಟು ಹೋಲಿಸುತ್ತದೆ. ಒಂದು ಬೈಟು ವ್ಯತ್ಯಾಸವಿದ್ದರೂ ಕೂಗಾಡುತ್ತದೆ. ಪತ್ರ ಬರೆಸಿಕೊಂಡ ಅಜ್ಜಿ 'ಎಲ್ಲಿ, ಒಮ್ಮೆ ಓದಿ ಹೇಳಪ್ಪ' ಅನ್ನುತ್ತಿದ್ದಳಲ್ಲ, ಅದೇ. ಇಡೀ ಕ್ರಿಯೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಎರಡನೆಯ ಪಟ್ಟಿಯೇ. ಕೇಬಲ್ ಕಿತ್ತ ಮೇಲೆ ಬೋರ್ಡು ಸ್ವತಂತ್ರ. ಒಳಗೆ ಏನಿದೆ ಎಂದು ಹೊರಗಿನಿಂದ ನೋಡಿ ಹೇಳಲು ಬಾರದು. ನಾನು ಹೇಳಿದ್ದೇ ಅಲ್ಲಿ ಬರೆದಿದೆಯೇ ಎಂದು ಕೇಳಿ ತಿಳಿಯಲು ಇರುವುದು ಆ ಒಂದು ಗಳಿಗೆ.

ಈ ಮಾತು ಹೈದರಾಬಾದಿನಲ್ಲಿ ಕೂತು ಹೇಳುವಾಗ ಬೇರೆಯೇ ತೂಕ ಪಡೆಯುತ್ತದೆ. ಕೋಠಿಯಿಂದ ಬಸ್ಸು ಹತ್ತಿ ಊರಿನ ಈಶಾನ್ಯಕ್ಕೆ ಹೋದರೆ ಎ.ಎಸ್. ರಾವ್ ನಗರ, ಅದರಾಚೆ ಇಸಿಐಎಲ್ ಕ್ರಾಸ್‌ರೋಡ್ಸ್. ಸ್ಟಾಪಿನ ಹೆಸರು ಕೂಗುವ ಕಂಡಕ್ಟರಿಗೆ ಅದು ಕಾರ್ಖಾನೆಯ ಹೆಸರೆಂಬುದೇ ಮರೆತಿರಬಹುದು. ಅಣುಶಕ್ತಿ ಇಲಾಖೆಯ ಕೆಳಗೆ 1967ರ ಏಪ್ರಿಲ್ 11ರಂದು ಶುರುವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. ಅದನ್ನು ಕಟ್ಟಿದವರು ವಿಜ್ಞಾನಿ ಎ.ಎಸ್. ರಾವ್. 1969ರಲ್ಲೇ ಇಲ್ಲಿಂದ ಟಿಡಿಸಿ-12 ಎಂಬ ಕಂಪ್ಯೂಟರು ಹೊರಬಂತು, ಟ್ರಾಂಬೆಯಲ್ಲಿ ರೂಪುಗೊಂಡ ಹನ್ನೆರಡು ಬಿಟ್‌ನ ಯಂತ್ರ. ಆದರೆ ದೇಶದ ಮನೆಮನೆಗೆ ಈ ಕಾರ್ಖಾನೆ ಗೊತ್ತಾದದ್ದು ಇನ್ನೊಂದು ಪೆಟ್ಟಿಗೆಯಿಂದ. 1979ರಲ್ಲಿ ಮತಯಂತ್ರದ ಮೊದಲ ಮಾದರಿ ಮಾಡಿದವರು ಇವರೇ. ಮುಂದೆ ಬೆಂಗಳೂರಿನ ಬಿಇಎಲ್ ಜತೆಗೂಡಿತು. ಇವತ್ತಿಗೂ ದೇಶದ ಮತಯಂತ್ರಗಳೆಲ್ಲ ಈ ಎರಡು ಊರುಗಳ ಎರಡು ಕಂಪನಿಗಳಿಂದಲೇ ಬರುತ್ತವೆ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಳಕೆ. ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ. 1989ರಲ್ಲಿ ಕಾನೂನು ತಿದ್ದುಪಡಿ ಜಾರಿ. 2004ರ ಹೊತ್ತಿಗೆ 543 ಲೋಕಸಭಾ ಕ್ಷೇತ್ರಗಳಲ್ಲೂ ಅದೇ ಯಂತ್ರ.

ಅದರೊಳಗೂ ಇರುವುದು ನಮ್ಮ ಹುಡುಗಿಯ ಬೋರ್ಡಿನಲ್ಲಿರುವಂಥದೇ ಮೈಕ್ರೊಕಂಟ್ರೋಲರ್. ಆದರೆ ಅದು ಕಡತವಲ್ಲ, ತಾಳೆಗರಿ. ಒಂದೇ ಸಲ ಬರೆಯಬಹುದಾದ ಚಿಪ್ ಎನ್ನುತ್ತದೆ ಚುನಾವಣಾ ಆಯೋಗ. ಅಂದಮೇಲೆ ಬೂಟ್‌ಲೋಡರ್ ಎಂಬ ಕಾವಲಿನವನಿಗೆ ಅಲ್ಲಿ ಕೆಲಸವಿಲ್ಲ. ಯಾರು ಕೂಗಿದರೂ ಬಾಗಿಲು ತೆರೆಯುವ ಪ್ರಶ್ನೆಯೇ ಇಲ್ಲ. ಇದೇ ಅದರ ಭದ್ರತೆ ಎಂದು ಆಯೋಗ ಹೇಳುತ್ತ ಬಂದಿದೆ, ಮತ್ತು ಅದು ಬರಿ ಮಾತಲ್ಲ. ಬದಲಾಯಿಸಲಾಗದ್ದನ್ನು ಕೆಡಿಸುವುದು ಕಷ್ಟ. ತೊಡಕಿರುವುದು ಇನ್ನೊಂದು ಕಡೆ. ಹಳೆಯ ಯಂತ್ರಗಳ ಪ್ರೋಗ್ರಾಂ ಬರೆದವರು ಎರಡು ಕಾರ್ಖಾನೆಗಳ ಇಂಜಿನಿಯರುಗಳೇ. ದೇಶದಲ್ಲಿ ಚಿಪ್ ತಯಾರಿಕೆ ಇಲ್ಲದ್ದರಿಂದ ಅದನ್ನು ಯಂತ್ರಭಾಷೆಗೆ ಇಳಿಸಿ ಹೊರದೇಶದ ತಯಾರಕರಿಗೆ ಕೊಡಲಾಗುತ್ತಿತ್ತು ಎಂದು ಆಯೋಗವೇ ಹೇಳಿದೆ. ಬರೆದ ಮೇಲೆ ಓದಲೂ ಬಾರದಂತೆ ಮುಚ್ಚಿದ ಚಿಪ್ಪಿನಲ್ಲಿ, ಅಜ್ಜಿ 'ಓದಿ ಹೇಳಪ್ಪ' ಎಂದರೆ ಓದುವುದು ಯಾರು?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಈ ಊರಿನವರೇ ಆದ ತಂತ್ರಜ್ಞ ಹರಿ ಕೆ. ಪ್ರಸಾದ್ ಒಬ್ಬರು. 2010ರಲ್ಲಿ ಅವರು ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡ್ಸಿನ ರಾಪ್ ಗೊಂಗ್ರೈಪ್ ಜತೆ ಸೇರಿ ಒಂದು ಮತಯಂತ್ರವನ್ನು ಬಿಚ್ಚಿ ನೋಡಿ ಪ್ರಬಂಧ ಪ್ರಕಟಿಸಿದರು. ಚಿಪ್ಪಿನೊಳಗಿನ ಪ್ರೋಗ್ರಾಮಿಗೆ ಅವರು ಕೈ ಹಚ್ಚಲಿಲ್ಲ. ಅಂಕಿ ತೋರಿಸುವ ಭಾಗವನ್ನೇ ತೆಗೆದು, ಅದೇ ಥರ ಕಾಣುವ, ಒಳಗೆ ತಮ್ಮದೇ ಮೈಕ್ರೊಕಂಟ್ರೋಲರ್ ಅಡಗಿಸಿದ ಇನ್ನೊಂದನ್ನು ಕೂರಿಸಿ ತೋರಿಸಿದರು. ಬರಹ ತಿದ್ದಲಾಗದಿದ್ದರೆ ಓದಿ ಹೇಳುವವನನ್ನು ಬದಲಿಸಿದರಾಯಿತು ಎಂಬ ಉಪಾಯ. ಯಂತ್ರಗಳು ಸೀಲಿನಲ್ಲಿ, ಕಾವಲಿನಲ್ಲಿ ಇರುವಾಗ ಇಷ್ಟೆಲ್ಲ ಮಾಡಲು ಯಾರು ಬಿಡುತ್ತಾರೆ ಎಂಬುದು ಆಯೋಗದ ಉತ್ತರ. ಯಂತ್ರ ಕೊಟ್ಟವರು ಯಾರೆಂದು ಪ್ರಸಾದ್ ಹೇಳಲಿಲ್ಲ. ಮುಂಬೈಯಿಂದ ಕಳವಾದ ಯಂತ್ರ ಅದೆಂಬ ಪ್ರಕರಣದಲ್ಲಿ ಆ ವರ್ಷ ಆಗಸ್ಟಿನಲ್ಲಿ ಪೊಲೀಸರು ಬಂದು ಹೈದರಾಬಾದಿನಲ್ಲೇ ಅವರನ್ನು ಬಂಧಿಸಿದರು. ಆಮೇಲೆ ಜಾಮೀನು ಸಿಕ್ಕಿತು. ಆ ಯಂತ್ರ ಮೋಸ ಮಾಡಿತ್ತು ಎಂದು ಪ್ರಬಂಧ ಹೇಳಿರಲಿಲ್ಲ, ಮಾಡಿಸಬಹುದು ಎಂದಿತ್ತು. ಆ ಎರಡರ ನಡುವಿನ ವ್ಯತ್ಯಾಸ ಟಿ.ವಿ. ಚರ್ಚೆಗಳಲ್ಲಿ ಉಳಿಯಲಿಲ್ಲ.

ಹದಿನಾಲ್ಕು ವರ್ಷದ ನಂತರ ಇದೇ ಸಂಗತಿ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂತು. 2024ರ ಏಪ್ರಿಲ್‌ನಲ್ಲಿ, ಚುನಾವಣೆ ನಡೆಯುತ್ತಿರುವಾಗಲೇ, ನ್ಯಾಯಮೂರ್ತಿಗಳು ಆಯೋಗದ ಅಧಿಕಾರಿಯನ್ನು ಕರೆಸಿ ಕೇಳಿದ ಪ್ರಶ್ನೆಗಳು ಅಮೀರ್‌ಪೇಟೆಯ ತರಗತಿಯಲ್ಲಿ ಕೇಳುವಂಥವು: ಮೈಕ್ರೊಕಂಟ್ರೋಲರ್ ಯಾವ ಘಟಕದಲ್ಲಿದೆ, ಅದು ಒಂದೇ ಸಲ ಬರೆಯುವಂಥದೇ? ಮತಯಂತ್ರದ ಮೂರೂ ಘಟಕಗಳಲ್ಲಿ ಪ್ರತ್ಯೇಕವಾಗಿ ಇದೆ, ಎಲ್ಲವೂ ಒಂದೇ ಸಲದವು ಎಂಬ ಉತ್ತರ ಬಂತು. ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ತಳ್ಳಿಹಾಕಿದರು. ಜತೆಗೆ ಒಂದು ಕಿಂಡಿಯನ್ನೂ ತೆರೆದರು. ಎರಡನೇ ಅಥವಾ ಮೂರನೇ ಸ್ಥಾನ ಪಡೆದ ಅಭ್ಯರ್ಥಿ ಫಲಿತಾಂಶದ ಏಳು ದಿನದೊಳಗೆ ಲಿಖಿತವಾಗಿ ಕೇಳಿದರೆ, ಲೋಕಸಭಾ ಕ್ಷೇತ್ರದ ಪ್ರತಿ ವಿಧಾನಸಭಾ ಭಾಗದಲ್ಲಿ ಶೇ 5ರಷ್ಟು ಯಂತ್ರಗಳ 'ಸುಟ್ಟ ಮೆಮೊರಿ'ಯನ್ನು ತಯಾರಕರ ಇಂಜಿನಿಯರುಗಳು ಪರೀಕ್ಷಿಸಬೇಕು. ಖರ್ಚು ಅಭ್ಯರ್ಥಿಯದು, ಕೈಚಳಕ ಸಾಬೀತಾದರೆ ವಾಪಸು. 1956ರ ಕ್ಷಿಪಣಿಗೆ ಹುಟ್ಟಿದ 'ಸುಡುವ' ಮಾತು ಹೀಗೆ ಭಾರತದ ಚುನಾವಣಾ ತೀರ್ಪಿನೊಳಗೆ ಬಂದು ಕೂತಿತು. ಆ ಪರಿಶೀಲನೆ ಹೇಗೆ ಮಾಡಬೇಕೆಂಬುದೇ ಮುಂದೆ ಮತ್ತೆ ಕೋರ್ಟಿಗೆ ಹೋಯಿತು. ಪರೀಕ್ಷೆಯ ಹೆಸರಿನಲ್ಲಿ ಯಂತ್ರದಲ್ಲಿರುವುದನ್ನು ಅಳಿಸಬೇಡಿ, ಹೊಸದಾಗಿ ತುಂಬಬೇಡಿ ಎಂದು 2025ರ ಫೆಬ್ರುವರಿಯಲ್ಲಿ ಕೋರ್ಟು ಹೇಳಬೇಕಾಯಿತು.

ಇನ್ನೊಂದು ಸಣ್ಣ ವಿಷಯ 2024ರ ತೀರ್ಪಿನಲ್ಲಿದೆ. ಮತಚೀಟಿ ಮುದ್ರಿಸುವ ವಿವಿಪ್ಯಾಟ್‌ಗೆ ಯಾವ ಕ್ಷೇತ್ರದಲ್ಲಿ ಯಾವ ಅಭ್ಯರ್ಥಿ, ಯಾವ ಚಿಹ್ನೆ ಎಂಬುದು ಹುಟ್ಟಿನಿಂದ ಗೊತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಮತದಾನಕ್ಕೆ ಕೆಲವು ದಿನ ಮೊದಲು ಕಂಪ್ಯೂಟರಿನಿಂದ ಒಂದು ಪುಟ್ಟ ಪೆಟ್ಟಿಗೆಗೆ, ಆ ಪೆಟ್ಟಿಗೆಯಿಂದ ವಿವಿಪ್ಯಾಟಿಗೆ ಚಿಹ್ನೆಗಳನ್ನು ತುಂಬುತ್ತಾರೆ. ಕಂಟದಿಂದ ಕೊರೆದ ಗರಿಯ ಪಕ್ಕದಲ್ಲೇ ಬಳಪದ ಜಾಗವೂ ಒಂದಿದೆ ಎಂದಾಯಿತು. ಚಿಹ್ನೆ ತುಂಬಿದ ಆ ಪೆಟ್ಟಿಗೆಗಳನ್ನೂ ಸೀಲು ಮಾಡಿ, ಫಲಿತಾಂಶದ ನಂತರ ಕನಿಷ್ಠ 45 ದಿನ ಕಾಯ್ದಿಡಬೇಕೆಂದು ಕೋರ್ಟು ಆಜ್ಞೆ ಮಾಡಿತು. ಕೇಬಲ್ ಕಿತ್ತ ಮೇಲೂ ಕೇಬಲ್ಲನ್ನು ಜೋಪಾನ ಮಾಡುವ ಕ್ರಮ. ನನಗೆ ಇದು ಇಡೀ ತೀರ್ಪಿನ ಅತ್ಯಂತ ಲೋಕಜ್ಞಾನದ ಸಾಲಾಗಿ ಕಾಣುತ್ತದೆ.

ಆ ತೀರ್ಪು ಬಂದ ಅದೇ ಏಪ್ರಿಲ್‌ನಲ್ಲಿ, ಕಾಕತಾಳೀಯವೆಂಬಂತೆ, ಲೋಕದ ಅತಿ ದೂರದ ಡಂಪ್ ಕೂಡ ನಡೆಯಿತು. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ನೌಕೆ ಹಿಂದಿನ ನವೆಂಬರಿನಿಂದ ಬಡಬಡಿಸುತ್ತಿತ್ತು. ಮೆಮೊರಿಯ ಒಂದು ಚಿಪ್ ಸತ್ತಿತ್ತು. ನಾಸಾದ ಇಂಜಿನಿಯರುಗಳು ಅಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ, ಬೇರೆ ಬೇರೆ ಕಡೆ ಖಾಲಿಯಿದ್ದ ಸಂದಿಗಳಲ್ಲಿ ಕೂರಿಸಲು ಏಪ್ರಿಲ್ 18ರಂದು ಆದೇಶ ಕಳಿಸಿದರು. ಆದೇಶ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 'ಇದ್ದೀಯಾ' ಎಂದು ಕೇಳಿ ಎರಡು ದಿನ ಕಾದರು. 20ನೇ ತಾರೀಖು ಉತ್ತರ ಬಂತು. ಆ ಕೇಬಲ್ಲನ್ನು ಹಿಸುಕಿ ನೋಡಲು ಯಾವ ಅಂಗಡಿಯವನೂ ಇರಲಿಲ್ಲ.

ನಮ್ಮ ಸಂಪಿನ ಪೆಟ್ಟಿಗೆ ಈಗ ಎಂಟು ತಿಂಗಳಿಂದ ಕೆಲಸ ಮಾಡುತ್ತಿದೆ. ನಸುಕಿನ ನಾಲ್ಕೂವರೆಗೆ ನೀರು ಮಟ್ಟ ಮುಟ್ಟಿದ್ದೇ ತಡ, ಬಜರ್ ಇಡೀ ಕಟ್ಟಡವನ್ನು ಎಬ್ಬಿಸುತ್ತದೆ. ಓಣಿಗೆ ನೀರು ಹರಿಯುವುದು ನಿಂತಿದೆ. ಈಗ ವಾಟ್ಸಾಪ್ ಗುಂಪಿನಲ್ಲಿ ಬಜರಿನ ಸದ್ದಿನ ಜಗಳ. ಕೆಳಮನೆಯ ಹಿರಿಯರೊಬ್ಬರು ಕೈಮುಗಿದು ಕೇಳಿಕೊಂಡರು, ಹುಡುಗಿ ಒಪ್ಪಿಕೊಂಡಳು. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯುವ ಕೆಲಸ.

ಲ್ಯಾಪ್‌ಟಾಪ್ ತೆರೆದಳು. ನಡುವೆ ಒಮ್ಮೆ ಅದು ಕೆಟ್ಟಿತ್ತು. ರಿಪೇರಿಗೆ ಕೊಟ್ಟಲ್ಲಿ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟಿದ್ದರು. ಪ್ರೋಗ್ರಾಂ ಇಲ್ಲ. "ಬೋರ್ಡಿನಾಗ ಐತಲ್ಲ, ವಾಪಸ್ ತಗೋಳಾಕ್ ಬರಂಗಿಲ್ಲೇನು?" ಎಂದೆ. ತೆಗೆದುಕೊಳ್ಳಬಹುದು ಅಂದಳು, ತೆಗೆದೂ ತೋರಿಸಿದಳು. ಕೋಲನ್‌ಗಳ ಉದ್ದನೆಯ ಪಟ್ಟಿ, ಸಾಲು ಸಾಲು ಅಂಕಿ, ಕೊನೆಗೆ ಏಳು ಸೊನ್ನೆ, ಒಂದು 1, ಎಫ್‌ಎಫ್. ನೀರಿನಮಟ್ಟ ಎಲ್ಲಿದೆ, ಸದ್ದು ಎಲ್ಲಿದೆ ಎಂದು ಅದರಲ್ಲಿ ಹುಡುಕುವುದು ಹಿಟ್ಟಿನಲ್ಲಿ ಜೋಳದ ಕಾಳು ಹುಡುಕಿದಂತೆ. ಅವಳು ಬರೆದ 'ಕಾಕೂ ಬೈದರೆ ಸದ್ದು ಕಮ್ಮಿ ಮಾಡು' ಎಂಬ ಸಾಲು ಆ ಬೋರ್ಡಿಗೆ ಯಾವತ್ತೂ ಹೋಗಿರಲೇ ಇಲ್ಲ.

ಮತ್ತೆ ಮೊದಲಿನಿಂದ ಬರೆಯಬೇಕು, ಪರೀಕ್ಷೆ ಮುಗಿದ ಮೇಲೆ ಬರೆಯುತ್ತೇನೆ ಎಂದಿದ್ದಾಳೆ. ಸದ್ಯಕ್ಕೆ ಬಜರಿನ ತೂತಿನ ಮೇಲೆ ಎರಡು ಪದರ ಸೆಲ್ಲೋಟೇಪು ಅಂಟಿಸಿದ್ದೇವೆ.